ಹಿರಿಯ ತಂಡಕ್ಕೆ ಗೆಲುವು

ಬೆಳಿಗ್ಗೆ ಚೀಟಿ ಎತ್ತುವಾಗಲೇ ಕೊಟ್ರಬಸಪ್ಪನಿಗೆ ಬಾಯಿ ಕಹಿಯಾಗಿತ್ತು. ಡಬ್ಬಿಯಲ್ಲಿದ್ದದ್ದು ನಾಲ್ಕು ಚೀಟಿ: ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಕೂಡ್ಲಿಗಿಯದು ಇರಲಿಲ್ಲ. ಹೋದ ವರ್ಷ ಗೆದ್ದ ತಂಡ ಚೀಟಿ ಇಲ್ಲದೆ ನೇರವಾಗಿ ಸೆಮಿಫೈನಲ್ ಆಡುತ್ತದೆ ಎಂಬುದು ಐವತ್ತು ದಾಟಿದವರ ಈ ವಾಲಿಬಾಲ್ ಪಂದ್ಯಾವಳಿಯ ನಿಯಮ. ಹೋದ ವರ್ಷ ಫೈನಲ್‌ನಲ್ಲಿ ಸೋತ ಕೊಟ್ಟೂರಿಗೆ ಯಾವ ವಿನಾಯಿತಿಯೂ ಇರಲಿಲ್ಲ. ಮೊದಲು ಎತ್ತಿದ ಎರಡು ಚೀಟಿಯವರು ಸೆಮಿಫೈನಲ್‌ಗೆ ಮುಂಚೆ ತಮ್ಮತಮ್ಮಲ್ಲೇ ಒಂದು ಪಂದ್ಯ ಆಡಬೇಕಿತ್ತು, ಅದರಲ್ಲಿ ಕೊಟ್ಟೂರಿನ ಹೆಸರೇ ಬಂತು. ಅಂದರೆ ಕೂಡ್ಲಿಗಿಯವರಿಗಿಂತ ಒಂದು ಪಂದ್ಯ ಹೆಚ್ಚು, ಅದೂ ನೆತ್ತಿ ಸುಡುವ ಹೊತ್ತಿನಲ್ಲಿ.

ಕೊಟ್ಟೂರು ತಂಡದ ಕ್ಯಾಪ್ಟನ್ ಕೊಟ್ರಬಸಪ್ಪ ಆ ಬಿಸಿಲಿನಲ್ಲಿ ಹರಪನಹಳ್ಳಿಯವರ ಎದುರು ಆಡುತ್ತಿದ್ದಾಗ, ಕೂಡ್ಲಿಗಿ ತಂಡದ ಕ್ಯಾಪ್ಟನ್ ಭೀಮರಾಜ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಮಂಡಕ್ಕಿ ತಿನ್ನುತ್ತಿದ್ದ. ಕೊಟ್ರಬಸಪ್ಪ ಚೆಂಡು ಹೊಡೆದಾಗಲೆಲ್ಲ ಅಲ್ಲಿಂದಲೇ ಚಪ್ಪಾಳೆ ತಟ್ಟುತ್ತಿದ್ದ. ಆ ಚಪ್ಪಾಳೆಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಇಬ್ಬರೂ ಅಕ್ಕತಂಗಿಯರ ಮಕ್ಕಳು. ಉಜ್ಜಿನಿ ಕಡೆಯ ಒಂದೇ ಊರು, ಒಂದೇ ಓಣಿ. ಭೀಮರಾಜ ಒಂದು ವರ್ಷಕ್ಕೆ ದೊಡ್ಡವನು ಎಂಬುದು ಓಣಿಗೆಲ್ಲ ಗೊತ್ತು. ಆದರೆ ದಾಖಲೆಯಲ್ಲಿ ಅವನು ಎರಡು ವರ್ಷಕ್ಕೆ ಚಿಕ್ಕವನು. ಆ ಕಾಲದಲ್ಲಿ ಹುಟ್ಟಿದ ತಾರೀಖನ್ನು ಮನೆಯವರು ಹೇಳುತ್ತಿರಲಿಲ್ಲ, ಶಾಲೆಯ ಮೇಷ್ಟ್ರು ತೋಚಿದಂತೆ ಬರೆಯುತ್ತಿದ್ದರು. ಮುಂದೆ ಇಬ್ಬರೂ ತಾಲ್ಲೂಕು ಕಚೇರಿಯ ನೌಕರಿಗೆ ಸೇರಿದರು. ಹೋದ ವರ್ಷ ದಾಖಲೆಯಂತೆ ಅರವತ್ತು ತುಂಬಿ ಕೊಟ್ರಬಸಪ್ಪ ಶಾಲು ಹೊದಿಸಿಕೊಂಡು ಮನೆಗೆ ಬಂದ. ಅವನಿಗೆ ಬರಬೇಕಿದ್ದ ಶಿರಸ್ತೇದಾರನ ಬಡ್ತಿ, ಅವನು ಕುರ್ಚಿ ಬಿಟ್ಟ ಕೆಲವೇ ತಿಂಗಳಿಗೆ, ಪಟ್ಟಿಯಲ್ಲಿ ಅವನ ನಂತರದ ಹೆಸರಾದ ಭೀಮರಾಜನಿಗೆ ಬಂತು.

ಬಡ್ತಿಯ ಊಟಕ್ಕೆ ಕೊಟ್ರಬಸಪ್ಪ ಹೋಗಿದ್ದ. ಹೋಳಿಗೆ ಹಾಕಿಸಿಕೊಂಡು ತಿಂದ. ಎಲ್ಲರೆದುರು ನಾಲ್ಕು ಒಳ್ಳೆಯ ಮಾತನ್ನೂ ಆಡಿದ. ಆಮೇಲೆ ಅವನಿಗೆ ಒಂದು ಚಟ ಹತ್ತಿತು. ಭೀಮರಾಜನ ಕೂದಲು ಇನ್ನೂ ಕಪ್ಪಗಿರುವುದು, ಮಂಡಿ ನೋಯದೆ ಮೆಟ್ಟಿಲು ಹತ್ತುವುದು, ದಿನವೂ ಇಸ್ತ್ರಿ ಅಂಗಿ ತೊಡಲು ಅವನಿಗೊಂದು ಕಾರಣವಿರುವುದು, ಎಲ್ಲವನ್ನೂ ತನ್ನಿಂದ ಕಳೆದು ಅವನಿಗೆ ಕೂಡಿಸಿದ ಲೆಕ್ಕದಲ್ಲೇ ನೋಡತೊಡಗಿದ. ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ಹಾಗಾಗಿ ಯಾರೊಂದಿಗೂ ಈ ಮಾತು ಆಡುವಂತಿರಲಿಲ್ಲ. ಸಂಜೆ ಕಾಲೇಜು ಮೈದಾನದಲ್ಲಿ ಒಬ್ಬನೇ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ಭೀಮರಾಜನನ್ನು ಒಂದು ಸಲ, ಬರೀ ಒಂದು ಸಲ, ಎಲ್ಲರೂ ನೋಡುವಂತೆ ಸೋಲಿಸಬೇಕಿತ್ತು. ವರ್ಷವಿಡೀ ಅವನು ಬೇರೇನನ್ನೂ ಬಯಸಿರಲಿಲ್ಲ.

ಮಧ್ಯಾಹ್ನ ಹಡಗಲಿಯನ್ನು ಸೋಲಿಸಿ ಕೊಟ್ಟೂರು ಫೈನಲ್‌ಗೆ ಬಂತು. ಕೂಡ್ಲಿಗಿ ತಮ್ಮ ಒಂದೇ ಪಂದ್ಯದಲ್ಲಿ ಹಗರಿಬೊಮ್ಮನಹಳ್ಳಿಯನ್ನು ದಾಟಿ ಬಂತು.

ಫೈನಲ್‌ಗೆ ಮೊದಲು ರೆಫರಿ ಪಾಲಾಕ್ಷಪ್ಪ ಎರಡೂ ತಂಡಗಳನ್ನು ನಿಲ್ಲಿಸಿಕೊಂಡು ಈ ವರ್ಷದ ಹೊಸ ನಿಯಮ ನೆನಪಿಸಿದರು. ಪಾಲಾಕ್ಷಪ್ಪ ನಿವೃತ್ತ ದೈಹಿಕ ಶಿಕ್ಷಕರು. ಅವರ ಸೀಟಿಗೆ ಐದೂ ತಾಲ್ಲೂಕು ಬೆಲೆ ಕೊಡುತ್ತಿತ್ತು. ಹಿಂದೊಮ್ಮೆ ಕೊನೆಯ ಸೆಟ್ಟು ಮುಗಿಯದೆ ಎಳೆದಾಡಿ ಆಟಗಾರನೊಬ್ಬ ಎದೆ ಹಿಡಿದು ಕುಸಿದಿದ್ದ. ಅದಕ್ಕೆ ಇನ್ನು ಮುಂದೆ ಮೂರನೇ ಸೆಟ್ಟು ಹದಿನಾಲ್ಕು ಸಮವಾದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಅಂಗಳದಲ್ಲಿರುವ ಆರಾರು ಜನರ ವಯಸ್ಸು ಕೂಡಿ ನೋಡಿ, ಹಿರಿಯ ತಂಡಕ್ಕೆ ಗೆಲುವು. ಅದರ ಬದಲು ಒಂದೇ ಪಾಯಿಂಟ್ ಆಡಿಸಿ ಮುಗಿಸಬಹುದಲ್ಲ ಎಂದು ಯಾರೋ ಕೇಳಿದ್ದಕ್ಕೆ, ಒಂದು ಪಾಯಿಂಟು ಅದೃಷ್ಟದ ಮೇಲೆ ಹೋಗುತ್ತದೆ, ವಯಸ್ಸು ಹಾಗಲ್ಲ ಎಂದು ಅವರು ಹೇಳಿದರು. ಹೆಚ್ಚು ವಯಸ್ಸಿನವರು ಅಷ್ಟೇ ಪಾಯಿಂಟ್ ತಂದರೆ ಹೆಚ್ಚು ಆಡಿದಂತೆ ಎಂಬುದು ಅವರ ನ್ಯಾಯ. ಎಲ್ಲರೂ ತಲೆಯಾಡಿಸಿದರು. ಸಮ ಆದಾಗ ನೋಡೋಣ ಎಂದು ಯಾರೂ ಆ ಮಾತನ್ನು ಮುಂದೆ ಬೆಳೆಸಲಿಲ್ಲ.

ಮೊದಲ ಸೆಟ್ಟು ಕೊಟ್ಟೂರಿಗೆ ಬಂತು, ಎರಡನೆಯದು ಕೂಡ್ಲಿಗಿಗೆ. ಮೂರನೆಯದರಲ್ಲಿ ಕೊಟ್ರಬಸಪ್ಪನ ಕಾಲುಗಳು ಕಲ್ಲು ಕಟ್ಟಿದಂತೆ ಭಾರವಾಗಿದ್ದವು. ಬಲೆಯ ಆಚೆ ಭೀಮರಾಜನ ಅಂಗಿ ಇನ್ನೂ ಪೂರ್ತಿ ಬೆವತಿರಲಿಲ್ಲ. ಅದು ಕಂಡಾಗಲೆಲ್ಲ ಕೊಟ್ರಬಸಪ್ಪ ಚೆಂಡನ್ನು ಅವನ ಕಡೆಗೇ ಹೊಡೆದ. ಖಾಲಿ ಜಾಗ ಕಾಣುತ್ತಿದ್ದರೂ ಅವನ ಕಡೆಗೇ.

"ಸಾಹೇಬ್ರ, ಅಲ್ಲಿ ಇನ್ನೂ ಐದು ಮಂದಿ ಅದಾರ," ಎಂದ ಚೆಂಡೆತ್ತಿ ಕೊಡುತ್ತಿದ್ದ ಜಂಬುನಾಥ. "ಅವ್ರಿಗೂ ಒಂದೊಂದು ಕೊಡ್ರಿ."

ಹದಿನಾಲ್ಕು ಹದಿಮೂರು. ಕೊಟ್ಟೂರಿಗೆ ಇನ್ನೊಂದು ಪಾಯಿಂಟ್ ಸಾಕಿತ್ತು. ಜಂಬುನಾಥ ಹದವಾಗಿ ಎತ್ತಿಕೊಟ್ಟ ಚೆಂಡನ್ನು ಕೊಟ್ರಬಸಪ್ಪ ಮತ್ತೆ ಭೀಮರಾಜನ ಎದೆಗೇ ಹೊಡೆದ. ಭೀಮರಾಜ ಅದನ್ನು ಎರಡೂ ಮುಂಗೈ ಮೇಲೆ ತಡೆದು ಮೇಲೆತ್ತಿದ. ಅವನ ತಂಡದವರು ಅದನ್ನು ಕೊಟ್ಟೂರಿನ ಖಾಲಿ ಮೂಲೆಗೆ ಹಾಕಿದರು. ಹದಿನಾಲ್ಕು ಸಮ. ಪಾಲಾಕ್ಷಪ್ಪ ಉದ್ದಕ್ಕೆ ಸೀಟಿ ಊದಿದರು.

ಬೆಳಿಗ್ಗೆ ಎಲ್ಲರೂ ತೋರಿಸಿದ್ದ ಆಧಾರ್ ಕಾರ್ಡಿನ ವಯಸ್ಸುಗಳನ್ನು ಅವರು ಮೇಜಿನ ಬಳಿ ನಿಂತು ಕೂಡಿದರು. ಮುಖ್ಯ ಅತಿಥಿಯಾಗಿ ಬಂದಿದ್ದ ತಹಸೀಲ್ದಾರರು ಕುತೂಹಲದಿಂದ ಬಗ್ಗಿ ನೋಡುತ್ತಿದ್ದರು. ಒಂದೇ ಒಂದು ವರ್ಷದಿಂದ ಕೊಟ್ಟೂರು ತಂಡ ಹಿರಿದಾಗಿತ್ತು.

"ಯಾರದರ ತಕರಾರು ಐತೇನ್ರಿ?" ಎಂದರು ಪಾಲಾಕ್ಷಪ್ಪ.

ಕೊಟ್ರಬಸಪ್ಪನ ಕಣ್ಣು ಭೀಮರಾಜನ ಮೇಲಿತ್ತು. ಅವನ ನಿಜವಾದ ವಯಸ್ಸು ಹಿಡಿದರೆ ಗೆಲುವು ಕೂಡ್ಲಿಗಿಯದು. ಆದರೆ ಆ ಮಾತನ್ನು ತಹಸೀಲ್ದಾರರ ಎದುರು ಹೇಗೆ ಆಡುತ್ತಾನೆ? ಆಡಿದರೆ ಅವನು ಇನ್ನೂ ಕಚೇರಿಯಲ್ಲಿರುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಆಡಲಿ ಎಂದು ಕೊಟ್ರಬಸಪ್ಪನ ಮನಸ್ಸು ಕಾಯುತ್ತಿತ್ತು. ಗೆದ್ದ ಕಪ್ ಹೋದರೂ ಹೋಗಲಿ. ಭೀಮರಾಜ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನೆಲ ನೋಡುತ್ತಿದ್ದ. ಆಚೆ ಹಳಿಯ ಮೇಲೆ ಗೂಡ್ಸ್ ರೈಲು ಹೋಗುತ್ತಿತ್ತು. ಅದು ಹೋದ ಮೇಲೆ ಅವನು ತಲೆ ಎತ್ತಿದ.

"ಏನಿಲ್ರಿ ಸರ್," ಎಂದ ಕೊನೆಗೆ. "ಅವ್ರು ಹಿರೇರು. ಅವ್ರಿಗೇ ಕೊಡ್ರಿ."

ಕೊಟ್ಟೂರಿನವರು ಕೂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಯಾರೋ ಕೊಟ್ರಬಸಪ್ಪನ ಬೆನ್ನು ತಟ್ಟಿದರು. ಅವನು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಲೆಯ ಹತ್ತಿರ ಹೋದ.

"ಬಾ, ಇನ್ನೊಂದು ಪಾಯಿಂಟ್ ಆಡೂಣು," ಎಂದ.

ಭೀಮರಾಜ ನಕ್ಕ. "ಯಾಕಲೇ? ಗೆದ್ದಿ. ತಗಂಡು ಹೋಗು."

"ಇದು ಗೆದ್ದಂಗಲ್ಲ."

"ರೂಲ್ಸ್ ಹಂಗೈತಿ."

"ಹಂಗಾರ ನೀ ದೊಡ್ಡಾವ ಅಂತ ಹೇಳು," ಎಂದ ಕೊಟ್ರಬಸಪ್ಪ, ಧ್ವನಿ ಇಳಿಸಿ. "ಎಲ್ರಿಗೂ ಕೇಳಂಗ ಹೇಳು."

ಭೀಮರಾಜ ಮೇಜಿನ ಕಡೆ ನೋಡಿದ. ಆಮೇಲೆ ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದ. ವರ್ಷದಿಂದ ಅಲ್ಲಿ ಏನಿತ್ತೋ ಅದನ್ನು ಈಗ ಮೊದಲ ಬಾರಿ ಕಂಡವನಂತೆ.

"ಹೇಳಿದ್ರ ನಿನಗೇನು ಸಿಗತೈತಿ?"

ಕೊಟ್ರಬಸಪ್ಪ ಚೆಂಡನ್ನು ಇನ್ನೊಂದು ಕಂಕುಳಿಗೆ ಬದಲಿಸಿದ.

"ಸಾಲಿಗಿ ಹಚ್ಚಿದ ದಿನ ನೆನಪೈತೇನು ನಿನಗ?" ಎಂದ ಭೀಮರಾಜ. "ತಲಿ ಮ್ಯಾಲಿಂದ ಕೈ ಹಾಕಿ ಕಿವಿ ಮುಟ್ಟು ಅಂದ್ರು ಮೇಷ್ಟ್ರು. ನಿನ್ನ ಕೈ ಉದ್ದ, ಮುಟ್ಟಿತು. ನನಗ ಮುಟ್ಟಲಿಲ್ಲ. ಎರಡು ವರ್ಷ ಬಿಟ್ಟು ಬಾ ಅಂದ್ರು. ಎರಡು ವರ್ಷ ಸಗಣಿ ಬಳದೀನಿ ನಾನು. ನೀ ಪಾಟಿ ಬಳಪ ಹಿಡ್ಕಂಡು ಮನಿ ಮುಂದಿನಿಂದ ಸಾಲಿಗಿ ಹೋಗಾದು ದಿನಾ ನೋಡೀನಿ. ನಿನ್ನ ಪಾಟಿ ಒಡದು ಹಾಕಬೇಕು ಅನ್ಸತಿತ್ತು."

"ಒಡೀಲಿಲ್ಲಲ್ಲ."

"ಒಡೀಲಿಲ್ಲ. ಆಮ್ಯಾಲೆ ಮರತುಬಿಟ್ಟೆ."

ಕೊಟ್ರಬಸಪ್ಪನಿಗೆ ಆ ದಿನ ನೆನಪಿತ್ತು. ಮೇಷ್ಟ್ರು ತನ್ನನ್ನು ಹೊಗಳಿದ್ದು ನೆನಪಿತ್ತು. ಅಣ್ಣ ಮನೆಗೆ ತಿರುಗಿ ಹೋದದ್ದು ಮಾತ್ರ ಅವನಿಗೆ ಎಂದೂ ಒಂದು ಸಂಗತಿಯಾಗಿ ಕಂಡಿರಲಿಲ್ಲ. ಈಗ ಕಂಡಿತು. ಕಂಡ ಮೇಲಾದರೂ ಒಳಗಿನ ಬೆಂಕಿ ಆರಬೇಕಿತ್ತು. ಅದು ಆರಲಿಲ್ಲ. ಮರೆತುಬಿಟ್ಟೆ ಎಂದು ಅಷ್ಟು ಸಲೀಸಾಗಿ ಹೇಳಬಲ್ಲನಲ್ಲ ಇವನು ಎಂದು ಇನ್ನಷ್ಟು ಉರಿಯಿತು.

"ಒಂದು ಪಾಯಿಂಟ್," ಎಂದ ಮತ್ತೆ.

ಭೀಮರಾಜ ಉಸಿರು ಬಿಟ್ಟ. "ಆತು ಬಾ. ಒಂದ."

ಪಾಲಾಕ್ಷಪ್ಪ ಒಪ್ಪಲಿಲ್ಲ. ಬೇಕಾದರೆ ಆಡಿಕೊಳ್ಳಿ, ಇದು ಬೋರ್ಡಿಗೆ ಬರುವುದಿಲ್ಲ, ನಾನು ಸೀಟಿಯನ್ನೂ ಊದುವುದಿಲ್ಲ ಎಂದರು. ಎರಡೂ ತಂಡದವರು ಗೊಣಗುತ್ತ ಅಂಗಳಕ್ಕೆ ಇಳಿದರು. ಗೆದ್ದ ಮೇಲೂ ಆಡಿಸುವ ಕ್ಯಾಪ್ಟನ್ನನ್ನು ಇದೇ ಮೊದಲು ಕಂಡದ್ದು ಎಂದು ಜಂಬುನಾಥ ಜನರ ಕಡೆ ತಿರುಗಿ ಹೇಳಿ ನಗಿಸಿದ.

ಕೊಟ್ರಬಸಪ್ಪ ಸರ್ವಿಸ್ ಹಾಕಿದ. ಚೆಂಡು ಆಚೆ ಹೋಯಿತು, ಈಚೆ ಬಂತು, ಮತ್ತೆ ಹೋಯಿತು. ಲೆಕ್ಕಕ್ಕಿಲ್ಲದ ಆಟವೆಂದು ಯಾರೂ ಮೈ ಬಿಗಿ ಹಿಡಿದಿರಲಿಲ್ಲ. ಅದಕ್ಕೇ ಇರಬೇಕು, ದಿನವಿಡೀ ಇಷ್ಟು ಚೆಂದದ ಆಟ ನಡೆದಿರಲಿಲ್ಲ. ಜನ ಎದ್ದು ನಿಂತರು. ಕೊನೆಗೆ ಜಂಬುನಾಥ ಎತ್ತಿಕೊಟ್ಟ. ಕೊಟ್ರಬಸಪ್ಪ ಇದ್ದಬದ್ದ ಶಕ್ತಿಯನ್ನೆಲ್ಲ ತೋಳಿಗೆ ತಂದು, ಈ ಸಲ ಭೀಮರಾಜನಿಂದ ದೂರ, ಖಾಲಿ ಮೂಲೆಗೆ ಹೊಡೆದ. ಭೀಮರಾಜ ಓಡಿದ. ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದು ಅಂಗೈಯ ಹಿಂಬದಿಯನ್ನು ಚೆಂಡಿನ ಕೆಳಗೆ ತೂರಿಸಿದ. ಚೆಂಡು ಮೆಲ್ಲಗೆ ಎದ್ದು ಬಲೆ ದಾಟಿ, ಕೊಟ್ರಬಸಪ್ಪನಿಗೂ ಜಂಬುನಾಥನಿಗೂ ನಡುವೆ, ಇಬ್ಬರೂ ನೋಡುತ್ತಿರುವಂತೆಯೇ ಬಿತ್ತು.

ಕೂಡ್ಲಿಗಿಯವರು ಬೊಬ್ಬೆ ಹೊಡೆದು ಭೀಮರಾಜನನ್ನು ಎಬ್ಬಿಸಿ ಹೆಗಲ ಮೇಲೆ ಕೂರಿಸಿಕೊಂಡರು. ಹಡಗಲಿಯವರು, ಹರಪನಹಳ್ಳಿಯವರು, ನೋಡಲು ಬಂದವರು, ಕೊಟ್ಟೂರು ತಂಡದ ಒಂದಿಬ್ಬರು ಕೂಡ ಚಪ್ಪಾಳೆ ಹೊಡೆಯುತ್ತ ಅವರ ಸುತ್ತ ಸೇರಿದರು.

ಮೈಕಿನಲ್ಲಿ ವಿಜೇತ ತಂಡದ ನಾಯಕನನ್ನು ಕರೆದರು. ಕೊಟ್ರಬಸಪ್ಪ ಹೋಗಿ ತಹಸೀಲ್ದಾರರ ಕೈಯಿಂದ ಕಪ್ ತೆಗೆದುಕೊಂಡ. ಹಿರಿತನಕ್ಕೆ ಸಂದ ಗೌರವ ಎಂದು ಅವರು ಏನೋ ಹೇಳಿದರು. ಫೋಟೊ ತೆಗೆಯುವವನು ಈ ಕಡೆ ನೋಡಿ ಸರ್ ಎಂದು ಎರಡು ಸಲ ಕೂಗಿದ. ಅವನು ನೋಡಲಿಲ್ಲ. ಮೈದಾನದ ಆ ತುದಿಯಲ್ಲಿ ಭೀಮರಾಜ ಜನರ ಹೆಗಲ ಮೇಲೆ, ಅಂಗಿಯ ತುಂಬ ಮಣ್ಣು ಮೆತ್ತಿಕೊಂಡು, ಬಿಡಿರಿ ಬಿಡಿರಿ ಎಂದು ನಗುತ್ತಿದ್ದ. ಅವರು ಅವನನ್ನು ಕೆಳಗಿಳಿಸುವವರೆಗೂ ಕೊಟ್ರಬಸಪ್ಪ ಅತ್ತಲೇ ನೋಡುತ್ತ ನಿಂತಿದ್ದ.