ಪಕ್ಕದ ತೋಟದವಳ ರುಜು

ಮನೆ ಕೊಳ್ಳಲು ಬಂದ ಡೆನ್ಮಾರ್ಕಿನ ಗಂಡಹೆಂಡಿರು ಮೊದಲು ಕಾಲಿಟ್ಟದ್ದು ಎರ್ಸೀಲಿಯಾಳ ಮನೆಗೆ. ಅವರಿಗಾಗಿ ಅವಳು ಮೂರು ದಿನ ನೆಲ ತಿಕ್ಕಿದ್ದಳು, ತಾಮ್ರದ ಪಾತ್ರೆಗಳನ್ನು ನಿಂಬೆಹುಳಿ ಹಚ್ಚಿ ಬೆಳಗಿದ್ದಳು, ಕಬ್ಬಿಣದ ಅಚ್ಚಿನಲ್ಲಿ ಒತ್ತಿ ಸುಟ್ಟ ಫೆರ್ರಾತೆಲ್ಲೆ ಎಂಬ ಸಿಹಿ ಬಿಲ್ಲೆಗಳನ್ನು ತಟ್ಟೆಯ ಮೇಲೆ ಗೋಪುರದ ಹಾಗೆ ಪೇರಿಸಿದ್ದಳು. ಬಂದವರು ಗೋಪುರವನ್ನು ನೆಲಸಮ ಮಾಡಿದರು. ಕಾಫಿ ಎರಡೆರಡು ಸಲ ಕುಡಿದರು. ಹೆಂಗಸಂತೂ ಎದೆಯ ಮೇಲೆ ಕೈಯಿಟ್ಟುಕೊಂಡು ಆಹಾ ಆಹಾ ಎಂದಳು. ಆಮೇಲೆ ಕೈಕುಲುಕಿ ಹೊರಟುಹೋಗಿ, ಎದುರಿಗಿದ್ದ ನೋರ್ಮಾಳ ಮನೆಗೆ ಮುಂಗಡ ಕೊಟ್ಟರು.

ನೋರ್ಮಾಳ ಮನೆ! ಪೆಸ್ಕೊಬ್ರೂನೋ ಊರಿನಲ್ಲಿ ಕತ್ತೆ ಕಟ್ಟುವುದಕ್ಕೂ ಯಾರೂ ಕೇಳದ ಮನೆ. ಹೆಂಚು ಜಾರಿದೆ, ಗೋಡೆ ಚಳಿಗಾಲದಲ್ಲಿ ಬೆವರುತ್ತದೆ, ಅಂಗಳದಲ್ಲಿ ಮುಳ್ಳುಗಂಟಿ ಎದೆಮಟ್ಟ ಬೆಳೆದಿದೆ.

ನೋರ್ಮಾ ಬೇರೆಯವಳಲ್ಲ, ಎರ್ಸೀಲಿಯಾಳ ಚಿಕ್ಕಪ್ಪನ ಮಗಳು, ಒಂದು ವರ್ಷಕ್ಕೆ ಚಿಕ್ಕವಳು. ಹತ್ತೊಂಬತ್ತಕ್ಕೇ ಊರು ಬಿಟ್ಟು ಪೆಸ್ಕಾರಾ ಪಟ್ಟಣಕ್ಕೆ ಹೋಗಿ, ಅಲ್ಲಿ ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುವ ಅಂಗಡಿ ತೆರೆದವಳು. ಆಗಸ್ಟಿನಲ್ಲಿ ಹದಿನೈದು ದಿನ ಕಪ್ಪು ಕನ್ನಡಕ ಹಾಕಿಕೊಂಡು ಬಂದರೆ ಬಂದಳು. ಅವಳಿಗೆ ಎಲ್ಲವೂ ಬಯಸದೆ ಬರುತ್ತಿತ್ತು. ಚರ್ಚಿನ ಮೆರವಣಿಗೆಯಲ್ಲಿ ಮುಂದೆ ನಡೆಯುವ ಜಾಗ ಅವಳಿಗೆ. ಹಿಟ್ಟಿನ ಗಿರಣಿಯವರ ಮಗನ ಸ್ಕೂಟರಿನ ಹಿಂದಿನ ಸೀಟು ಅವಳಿಗೆ. ಎರ್ಸೀಲಿಯಾಗೆ ಗುದ್ದಲಿ. ಅಪ್ಪನ ಆಲಿವ್ ತೋಟ, ಅಪ್ಪನ ಮನೆ, ಮನೆಯಳಿಯನಾಗಿ ಬಂದ ಪನ್‌ಫಿಲೋ, ಅರವತ್ತಮೂರಕ್ಕೆ ಸವೆದ ಎರಡು ಮಂಡಿ. ಮನೆ ಮಾರಿ ಸಮುದ್ರದ ಬದಿಯಲ್ಲಿ ಮೆಟ್ಟಿಲು ಹತ್ತದೆ ಬದುಕುವಂಥ ಎರಡು ಕೋಣೆ ಕೊಳ್ಳಬೇಕು, ಇದೊಂದೇ ಅವಳ ಆಸೆ. ಎರಡು ವರ್ಷದಲ್ಲಿ ನೋಡಲು ಬಂದವರು ಈ ಡೆನ್ಮಾರ್ಕಿನವರು ಮಾತ್ರ. ಅವರೂ ನೋರ್ಮಾಳ ಪಾಲಾದರು.

ಹೊಟ್ಟೆ ಧಗಧಗ ಉರಿಯಿತು. ಉರಿಯುತ್ತಿರುವಾಗಲೇ ಅಂಚೆಯವನು ರಿಜಿಸ್ಟರ್ ಕಾಗದ ತಂದ.

ಕಾನೂನಿನ ಕಾಗದ. ನೋರ್ಮಾಳ ಮನೆಯ ಜೊತೆ ಇಳಿಜಾರಿನ ಎರಡು ಹಂತ ಆಲಿವ್ ತೋಟವೂ ಮಾರಾಟವಾಗುತ್ತಿತ್ತು. ಬೇಸಾಯದ ನೆಲ ಮಾರುವಾಗ ಗಡಿಗೆ ಗಡಿ ಹತ್ತಿಕೊಂಡು ಕೈಯಾರೆ ಉಳುವವರಿಗೆ ಅದೇ ಬೆಲೆಗೆ ಕೊಳ್ಳುವ ಮೊದಲ ಹಕ್ಕು, ಎಂದರೆ ಇಲ್ಲಿ ಎರ್ಸೀಲಿಯಾಗೆ. ಬೇಡವೆಂದರೆ ಬೇಡವೆಂದು ರುಜು ಹಾಕಬೇಕು. ಬೇಕೆಂದರೆ ಮೂವತ್ತು ದಿನದೊಳಗೆ ಬೇಕೆಂದು ಬರೆದುಕೊಡಬೇಕು. ಎರ್ಸೀಲಿಯಾ ಅದನ್ನು ಮೂರು ಸಲ ಓದಿದಳು. ಹುಡುಗಿಯಾಗಿದ್ದಾಗ ನೋರ್ಮಾ ಅವಳನ್ನು ಗೆಳತಿಯರ ಮುಂದೆ 'ಗುದ್ದಲಿ ರಾಣಿ' ಎಂದು ಕರೆಯುತ್ತಿದ್ದಳು. ಈಗ ಆ ಗುದ್ದಲಿ ರಾಣಿ ರುಜು ಹಾಕದೆ ಅವಳ ಮನೆ ಮಾರುವಂತಿರಲಿಲ್ಲ.

ಮರುದಿನವೇ ಮಾರಾಟ ಮಾಡಿಸುವ ದಲ್ಲಾಳಿ ಮಿರ್ಕೋ ಬಂದ. ಮೂವತ್ತರ ಆಳು, ಊರಿನ ಮುದುಕಿಯರೆಲ್ಲ ಅವನಿಗೆ ಅತ್ತೆಯರೇ.

"ಎರ್ಸೀಲಿಯತ್ತೆ, ಇಲ್ಲೊಂದು ರುಜು ಹಾಕ್ಬಿಡಿ, ನಾನು ಓಡ್ತೀನಿ."

"ಓಡಪ್ಪ, ಯಾರು ಬೇಡ ಅಂದ್ರು? ರುಜು ಮಾತ್ರ ಇಲ್ಲೇ ಇರುತ್ತೆ."

"ಅಯ್ಯೋ ಅತ್ತೆ, ಆ ಮುಳ್ಳುಗಂಟಿ ಕಟ್ಕೊಂಡು ನೀವೇನ್ ಮಾಡ್ತೀರಿ?"

"ಮುಳ್ಳುಗಂಟಿಗೇ ಡೆನ್ಮಾರ್ಕಿಂದ ಜನ ಬರ್ತಾರಂತೆ, ಪಕ್ಕದಲ್ಲಿರೋಳಿಗೆ ಬೇಡ್ವಾ? ಮೂವತ್ತು ದಿನ ಇದೆಯಲ್ಲ, ಯೋಚಿಸ್ತೀನಿ."

ಅವನು ಹೋದ ಮೇಲೆ ಪನ್‌ಫಿಲೋ ಕೇಳಿದ. "ನಿಜವಾಗ್ಲೂ ಕೊಳ್ತೀಯೇನೇ? ಯಾವ ಗಂಟಲ್ಲಿ?"

"ಕೊಳ್ಳೋರ್ಯಾರು? ಕೊಳ್ತೀನಿ ಅಂತ ಬರೆದ್ರೆ ದುಡ್ಡು ಕಟ್ಟೋಕೆ ಮೂರು ತಿಂಗಳು ಕೊಡ್ತಾರೆ. ಅಷ್ಟರಲ್ಲಿ ಆ ಡೆನ್ಮಾರ್ಕಿನೋರು ಕಾದು ಕಾದು ಬೇಸತ್ತು ಎಲ್ಲಿಗೆ ಬರ್ತಾರೆ? ಇಲ್ಲಿಗೇ ಬರ್ತಾರೆ."

"ಇಲ್ಲಿಗ್ಯಾಕೆ? ಪಕ್ಕದೂರಿಗೆ ಹೋಗ್ತಾರೆ."

"ಹೋಗ್ಲಿ ಬಿಡಿ! ಅವಳಿಗಂತೂ ಸಿಗಬಾರ್ದು."

ಪನ್‌ಫಿಲೋ ಹೆಂಡತಿಯ ಮುಖ ನೋಡಿದ. ಎರ್ಸೀಲಿಯಾಗೆ ಒಂದು ಗಳಿಗೆ ನಾಚಿಕೆಯಾಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊಳ್ಳುತ್ತೇನೆಂಬ ಕಾಗದ ಬರೆದು, ಮಡಿಸಿ, ಕೈಚೀಲದಲ್ಲಿಟ್ಟುಕೊಂಡಳು. ಕೊನೆಯ ದಿನ ಕೊಟ್ಟರಾಯಿತು. ಅಲ್ಲಿಯವರೆಗೆ ನೋರ್ಮಾ ನಿದ್ದೆಗೆಡಲಿ.

ಇಪ್ಪತ್ತಾರನೆಯ ದಿನ ಡೆನ್ಮಾರ್ಕಿನವಳೇ ಬಾಗಿಲು ತಟ್ಟಿದಳು. ಇಂಗರ್ ಎಂದು ಹೆಸರು, ನಿವೃತ್ತ ಟೀಚರಮ್ಮ. ಕಿಟಕಿಗಳ ಅಳತೆ ತೆಗೆಯಬೇಕಿತ್ತು, ನೋರ್ಮಾಳ ಮನೆಯ ಬೀಗದ ಕೈ ಎರ್ಸೀಲಿಯಾಳ ಬಳಿಯೇ ಇರುತ್ತಿತ್ತು. ಪುಸ್ತಕದಿಂದ ಭಾಷೆ ಕಲಿತವಳಾದ್ದರಿಂದ ಇಂಗರ್ ಮಾತಾಡಿದರೆ ಡಂಗುರ ಸಾರಿದ ಹಾಗಿರುತ್ತಿತ್ತು.

"ಮಾನ್ಯರೇ, ತಾವೂ ದಯಮಾಡಿ ಮೇಲಂತಸ್ತಿಗೆ ಆಗಮಿಸಬೇಕು."

"ನನಗ್ಯಾಕಮ್ಮ ಮೇಲಂತಸ್ತು? ಮಂಡಿ ಕೇಳಲ್ಲ."

"ಅಲ್ಪ ಕಾಲ ಮಾತ್ರ."

ನೋರ್ಮಾಳ ತಾಯಿ, ಚಿಕ್ಕಮ್ಮ, ತೀರಿಹೋದ ಮೇಲೆ ಗಾಳಿಯಾಡಲೆಂದು ಎರ್ಸೀಲಿಯಾ ಕೆಳಗಿನ ಬಾಗಿಲುಗಳನ್ನು ತೆರೆದಿಟ್ಟದ್ದುಂಟು, ಮೇಲೆ ಹತ್ತಿದವಳಲ್ಲ. ಮಂಡಿನೋವು ನೆಪ. ನೋರ್ಮಾಳ ಕೋಣೆ ನೋಡಲು ಮನಸ್ಸಿರಲಿಲ್ಲ ಎನ್ನುವುದೇ ನಿಜ. ಈಗ ಗೋಡೆ ಹಿಡಿದು ಹತ್ತಿದಳು. ಕೋಣೆಯಲ್ಲಿ ಎರಡು ಕಿಟಕಿ. ಒಂದರ ಕದಕ್ಕೆ ಸುತ್ತಲೂ ಮೊಳೆ ಹೊಡೆದ ತೂತುಗಳು.

"ಇದನ್ನು ಯಾರೋ ಬಂಧಿಸಿದ್ದರು," ಎಂದಳು ಇಂಗರ್. "ಗೃಹವನ್ನು ವೀಕ್ಷಿಸಿದ ದಿನವೇ ನನ್ನ ಪತಿ ಒಂಬತ್ತು ಮೊಳೆಗಳನ್ನು ಕಿತ್ತರು." ಹಾಗೆಂದು ಕದ ತಳ್ಳಿದಳು.

ಎದುರಿಗೆ ಒಂದು ಮನೆ. ಇಳಿಬಿಸಿಲಿಗೆ ಗೋಡೆ ಜೇನಿನ ಬಣ್ಣವಾಗಿತ್ತು. ಹೊರಮೆಟ್ಟಿಲಿನ ಒಂದೊಂದು ಹಂತದ ಮೇಲೂ ಒಂದೊಂದು ಕುಂಬಳಕಾಯಿ. ಬಾಗಿಲಿನ ಎರಡೂ ಬದಿಗೆ ಕೆಂಪು ಮೆಣಸಿನಕಾಯಿಯ ಸರ. ಹಗ್ಗದ ಮೇಲೆ ಬಿಳಿಯ ಹಾಸಿಗೆವಸ್ತ್ರ ಉಬ್ಬಿ ಇಳಿಯುತ್ತಿತ್ತು. ಮರದ ಕೆಳಗೆ ಒಬ್ಬ ಮುದುಕ ಆಕ್ರೋಟು ಒಡೆಯುತ್ತ ಕೋಳಿಯ ಜೊತೆ ಏನೋ ಮಾತಾಡುತ್ತಿದ್ದ. ಎಷ್ಟು ಪುಣ್ಯವಂತಳಪ್ಪ ಈ ಮನೆಯಾಕೆ ಎಂದುಕೊಂಡಳು ಎರ್ಸೀಲಿಯಾ, ಹೊಟ್ಟೆಯಲ್ಲಿ ಆ ಹಳೆಯ ಉರಿ ಚುರ್ ಎಂದಿತು. ಉರಿ ಎದ್ದ ಮೇಲೆಯೇ ಮುದುಕ ಪನ್‌ಫಿಲೋ ಎಂದು ಗೊತ್ತಾದದ್ದು.

"ತಮ್ಮ ಗೃಹವು ಅತ್ಯಂತ ಸುಂದರ," ಎಂದಳು ಇಂಗರ್. "ಆದರೆ ಅದರ ಒಳಗೆ ವಾಸಿಸಿದರೆ ಅದು ಕಾಣಿಸುವುದಿಲ್ಲ. ಆದುದರಿಂದ ಇದನ್ನು ಆಯ್ದೆವು. ಮೆಣಸಿನಕಾಯಿ ಪೋಣಿಸಲು ನಮಗೆ ಬಾರದು. ನೋಡಲು ಬರುತ್ತದೆ."

ಎರ್ಸೀಲಿಯಾ ಗೋಡೆ ಹಿಡಿದು ಕೆಳಗಿಳಿದಳು. ಹಿಗ್ಗಬೇಕಿತ್ತು, ಹಿಗ್ಗಲಿಲ್ಲ. ದಾರಿಯುದ್ದಕ್ಕೂ ಉರಿ ಏರುತ್ತಲೇ ಹೋಯಿತು. ಐವತ್ತು ವರ್ಷ ಮೆಟ್ಟಿಲು ತೊಳೆದವಳು ತಾನು, ಆ ಮೆಟ್ಟಿಲನ್ನು ತೋರಿಸಿ ಮನೆ ಮಾರಿಕೊಂಡವಳು ನೋರ್ಮಾ! ತನ್ನ ಬೆವರನ್ನೂ ಅವಳೇ ಉಂಡಳು. ಕಾಗದ ಕೊಟ್ಟೇ ತೀರುತ್ತೇನೆ ಎಂದುಕೊಂಡಳು. ಆದರೆ ಮೂರು ದಿನ ಕೊಟ್ಟಿಗೆಯಲ್ಲಿ ಆಲಿವ್ ಉದುರಿಸಿಕೊಳ್ಳುವ ಬಲೆ ಕೊಡವುವಾಗ, ಕೊಯ್ಲಿಗೆ ಏಣಿ ತಿದ್ದುವಾಗ, ಬೇರೊಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಒಂದು ಕಿಟಕಿಗೆ ಯಾರಾದರೂ ಒಂಬತ್ತು ಮೊಳೆ ಹೊಡೆಯುತ್ತಾರೆಯೇ?

ಮೂವತ್ತನೆಯ ದಿನ ಎಲ್ಲರೂ ಮಿರ್ಕೋನ ಕಚೇರಿಯಲ್ಲಿ ಸೇರಿದರು. ಡೆನ್ಮಾರ್ಕಿನ ದಂಪತಿಗಳು ಗೋಡೆಯ ಬದಿಗೆ ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಕೂತಿದ್ದರು. ನೋರ್ಮಾ ಪೆಸ್ಕಾರಾದಿಂದ ಕೇಕಿನ ಪೊಟ್ಟಣ ಹಿಡಿದುಕೊಂಡು ಬಂದಿದ್ದಳು.

"ಅಕ್ಕಾ, ಚೆನ್ನಾಗಿದ್ದೀಯಾ?"

"ಅಕ್ಕಾ ಅಂದ್ಯಾ? ಹಾಗಿದ್ರೆ ಏನೋ ಬೇಕು ನಿಂಗೆ."

"ನೋಡು, ಇನ್ನು ಸತಾಯಿಸ್ಬೇಡ. ತಾನೂ ತಿನ್ನಲ್ಲ, ತಿನ್ನೋರಿಗೂ ಬಿಡಲ್ಲ ಅಂದ್ರೆ ಹೇಗೆ?"

ಎರ್ಸೀಲಿಯಾ ತನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮಿರ್ಕೋನ ಮುಖ ಇಳಿಯಿತು.

"ಇದು ಕೊಳ್ತೀನಿ ಅನ್ನೋ ಕಾಗದ. ಅಲ್ಲಿರೋದು ಬೇಡ ಅನ್ನೋ ಕಾಗದ. ಯಾವುದು ಅನ್ನೋದು ಆಮೇಲೆ. ಮೊದ್ಲು ಇದಕ್ಕೆ ಉತ್ತರ ಕೊಡು. ನಿನ್ನ ಕೋಣೆ ಕಿಟಕಿಗೆ ಮೊಳೆ ಹೊಡೆದೋರ್ಯಾರು?"

"ಯಾವ ಮೊಳೆ? ಹಳೇ ಮನೆ, ಗಾಳಿಗೆ ಕದ ಬಡ್ಕೊಳ್ತಿತ್ತೇನೋ."

"ಎರಡು ಕಿಟಕಿ ಇದೆ ನೋರ್ಮಾ. ಗಾಳಿ ನಮ್ಮನೆ ಕಡೆಯಿಂದ ಮಾತ್ರ ಬೀಸುತ್ತಾ?"

ನೋರ್ಮಾ ಡೆನ್ಮಾರ್ಕಿನವರ ಕಡೆ ನೋಡಿದಳು, ಮಿರ್ಕೋನ ಕಡೆ ನೋಡಿದಳು. ಕಪ್ಪು ಕನ್ನಡಕ ತೆಗೆದಳು. ಕನ್ನಡಕದ ಹಿಂದೆ ಅರವತ್ತೆರಡು ವರ್ಷದ, ದಣಿದ ಹೆಂಗಸಿನ ಕಣ್ಣುಗಳಿದ್ದವು.

"ನಾನೇ ಹೊಡೆದೆ. ಈಗ ಸಮಾಧಾನ ಆಯ್ತಾ? ದಿನಾ ಬೆಳಗಾದ್ರೆ ಅಮ್ಮ ಆ ಕಿಟಕಿ ತೆಗೆದು ಶುರು ಮಾಡೋಳು. ನೋಡು ಎರ್ಸೀಲಿಯಾನ, ಹೊತ್ತು ಹುಟ್ಟೋಕೆ ಮುಂಚೆ ಮೆಟ್ಟಿಲು ತೊಳೆದಿದ್ದಾಳೆ, ನೀನಿನ್ನೂ ಬಾಚ್ಕೊಳ್ತಾ ಕೂತಿದ್ದೀಯ. ನೋಡು ಎರ್ಸೀಲಿಯಾನ, ನೋಡು ಎರ್ಸೀಲಿಯಾನ! ಊಟಕ್ಕೆ ಕೂತ್ರೆ ನೀನು, ಮಲಗಿದ್ರೆ ನೀನು. ನಾನು ಪೆಸ್ಕಾರಾಕ್ಕೆ ಕೂದಲು ಕತ್ತರಿಸೋ ಆಸೆಗೆ ಹೋದೆ ಅನ್ಕೊಂಡ್ಯಾ? ಒಂಬತ್ತು ಮೊಳೆ ಹೊಡೆದೆ, ಮಾರನೇ ದಿನ ಬಸ್ಸು ಹತ್ತಿದೆ."

ಇಂಗರ್ ಗಂಡನ ಕಿವಿಯಲ್ಲಿ ತಮ್ಮ ಭಾಷೆಯಲ್ಲಿ ಪಿಸುಗುಟ್ಟುತ್ತಿದ್ದಳು.

ಎರ್ಸೀಲಿಯಾಗೆ ಕೂತಲ್ಲೇ ಮೈ ಬೆಚ್ಚಗಾಯಿತು. ಮೆರವಣಿಗೆಯಲ್ಲಿ ಮುಂದೆ ನಡೆದವಳು, ಸ್ಕೂಟರಿನ ಮೇಲೆ ಕೂದಲು ಹಾರಿಸಿಕೊಂಡು ಹೋದವಳು, ಅವಳಿಗೆ ತನ್ನ ಮೇಲೆ ಹೊಟ್ಟೆಕಿಚ್ಚು! ಅದೂ ಇಷ್ಟು ವರ್ಷ! ತಾನೊಬ್ಬಳೇ ಸುಡುತ್ತಿದ್ದೇನೆಂದು ತಿಳಿದಿದ್ದಳಲ್ಲ. ರುಜು ಹಾಕಿದರೆ ಇವರು ನೋರ್ಮಾಳ ಮನೆಗೆ ಹೋಗುವುದು ಖಂಡಿತ, ಸಮುದ್ರದ ಬದಿಯ ಎರಡು ಕೋಣೆ ಇನ್ನೆಷ್ಟು ವರ್ಷ ದೂರವೋ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತನ್ನ ಕಾಗದವನ್ನು ಕೈಚೀಲದೊಳಗೆ ತುರುಕಿದಳು.

"ಪೆನ್ನು ಕೊಡೋ ಮಿರ್ಕೋ."

ಅವನು ಪೆನ್ನು ಕೊಟ್ಟು, ಹಾಳೆಗಳನ್ನು ಮುಂದೆ ಹರಡಿದ. ನಾಲ್ಕು ಹಾಳೆ, ಒಂದೊಂದರ ಅಂಚಿಗೂ ಪೂರ್ತಿ ಹೆಸರು ಬರೆಯಬೇಕು. ಎರ್ಸೀಲಿಯಾ ಮೊದಲ ಅಕ್ಷರ ಬರೆದು ಪೆನ್ನು ಎತ್ತಿ ಹಿಡಿದಳು.

"ಚಿಕ್ಕಮ್ಮ ನನ್ನ ಬಗ್ಗೆ ಇನ್ನೇನಂತಿದ್ರೇ?"

"ಮೊದ್ಲು ರುಜು ಹಾಕು ಮಾರಾಯ್ತಿ!"

"ಹಾಕ್ತಿದ್ದೀನಲ್ಲ. ಗುದ್ದಲಿ ಹಿಡಿದ ಕೈ, ನಿಧಾನ. ನೀನು ಹೇಳ್ತಾ ಇರು, ನಾನು ಬರೀತಾ ಇರ್ತೀನಿ."

ನೋರ್ಮಾ ಸೂರನ್ನು ದಿಟ್ಟಿಸಿದಳು. ಪೆನ್ನು ಗಾಳಿಯಲ್ಲೇ ನಿಂತಿತ್ತು.

"ನೀನು ಸುಟ್ಟ ರೊಟ್ಟಿ ವಾಸನೆಗೆ ಸತ್ತೋರೂ ಎದ್ದು ಕೂರ್ತಾರೆ ಅಂತಿದ್ಲು," ಎಂದಳು ಹಲ್ಲು ಕಚ್ಚಿಕೊಂಡು.

ಎರ್ಸೀಲಿಯಾ ಎರಡನೆಯ ಅಕ್ಷರ ಬರೆದಳು.