ಅಜ್ಜಿಯ ಹೆಸರಿನ ಈಜುಕೊಳ

"ಆ ಅಕ್ಷರ ನೆಟ್ಟಗೆ ಕೂರ್ಸೋ, ಬೋಳಿಮಗನೆ. ನಿಮ್ಮಜ್ಜೀದೇ ಹೆಸರು, ಅದ್ನೂ ಸೊಟ್ಟ ಕೂರಿಸ್ತೀಯೇನೋ?"

ಏಣಿಯ ಕೆಳಗೆ ನಿಂತು ಬೈಯುತ್ತಿದ್ದವನು ಡಾರಿಲ್, ಕೌನ್ಸಿಲ್‌ನ ಮೇಸ್ತ್ರಿ. ಏಣಿಯ ಮೇಲೆ ನಿಂತು ಈಜುಕೊಳದ ಗೋಡೆಗೆ ಅಕ್ಷರ ಹೊಡೆಯುತ್ತಿದ್ದವನು ನಾನು. ಅಜ್ಜಿ ಮಣ್ಣಾಗಿ ಇನ್ನೂ ಒಂದು ಬೇಸಿಗೆ ಕಳೆದಿರಲಿಲ್ಲ. ಈ ನೆಲದ ಮೂಲನಿವಾಸಿಗಳಾದ ನಮ್ಮಲ್ಲಿ ಸತ್ತವರ ಹೆಸರನ್ನು ಬಾಯಿಗೆ ತರುವುದಿಲ್ಲ. ಕರೆದರೆ ಅವರು ಹೋಗುವ ದಾರಿ ಬಿಟ್ಟು ಹಿಂದಿರುಗುತ್ತಾರೆ. ನನ್ನ ತಂಗಿಗೂ ಅಜ್ಜಿಯದೇ ಹೆಸರು. ಅದಕ್ಕೇ ಈಗ ಅವಳನ್ನು ಕುಮಂಜಾಯಿ ಎನ್ನುತ್ತೇವೆ. ಸತ್ತವರ ಹೆಸರಿದ್ದವರನ್ನೆಲ್ಲ ನಾವು ಕರೆಯುವುದು ಹಾಗೆಯೇ.

"ಬಾಸ್, ಈ ಹೆಸ್ರು ಈಗ ಬ್ಯಾಡ. ಒಂದೆರಡು ವರ್ಷ ತಡೀರಿ. ನಮ್ಮೋರು ಇದನ್ನ ಕೇಳಂಗಿಲ್ಲ."

"ಬದುಕಿದ್ದಾಗ ಕಕ್ಕಸು ತೊಳೀತಿದ್ಲು. ಸತ್ತ ಮ್ಯಾಲೆ ಮರ್ಯಾದೆ ಕೊಟ್ರೆ ಅದ್ಕೂ ಮೂತಿ ತಿರುವ್ತೀರಿ. ಕೆಲ್ಸ ಬೇಕೋ, ಬ್ಯಾಡ್ವೋ?"

ಕೆಲಸ ಬೇಕಿತ್ತು. ಸಿಟ್ಟು ನುಂಗಿಕೊಂಡು ಕೂರಿಸಿದೆ.

ಈ ಬಡಾವಣೆಯ ಸೌಕರ್ಯಗಳ ಬಗ್ಗೆ ಕೌನ್ಸಿಲ್‌ಗೆ ಬಲು ಹೆಮ್ಮೆ. ಉದ್ಯಾನವಿದೆ, ಅದರ ನಲ್ಲಿಗೆ ಬೀಗವಿದೆ. ಬೆಂಚುಗಳಿವೆ, ನಾವು ಮಲಗದ ಹಾಗೆ ನಡುವೆ ಕಬ್ಬಿಣದ ಅಡ್ಡಪಟ್ಟಿ ಹಾಕಿದ್ದಾರೆ. ಈಜುಕೊಳದ ಬಾಗಿಲಲ್ಲಿ ಊರಿನ ಚರಿತ್ರೆಯ ಫಲಕವೂ ಇದೆ. ಆ ಚರಿತ್ರೆ ಕೊಳ ತೋಡಿದ ವರ್ಷದಿಂದ ಶುರುವಾಗುತ್ತದೆ. ತೋಡಿದ್ದು ನಮ್ಮವರ ಒರತೆಯನ್ನು. ಅಜ್ಜಿ ಹುಡುಗಿಯಾಗಿದ್ದಾಗ ಮರಳು ಬಗೆದು ಬೊಗಸೆಯಲ್ಲಿ ಕುಡಿದ ನೀರು ಅಲ್ಲಿಯದು. ಆಮೇಲೆ ಅವಳ ಕೈಗೆ ಪೊರಕೆ ಕೊಟ್ಟರು. ಬಿಳಿಯರ ಮಕ್ಕಳು ಈಜುವುದನ್ನು ನೋಡುತ್ತಲೇ ಮುದುಕಿಯಾದಳು. ಅವಳಿಗೆ ಪಾದ ಅದ್ದಲೂ ಬಿಟ್ಟಿರಲಿಲ್ಲ.

ಮಾರನೆಯ ದಿನ ಕೊಳದ ಹೊಸ ಹೆಸರಿನ ಉದ್ಘಾಟನೆಗೆಂದು ಮೈಕು ಪರೀಕ್ಷೆ ಮಾಡಿದರು. ಅಜ್ಜಿಯ ಹೆಸರು ಒಣಹೊಳೆ ದಾಟಿ ನಮ್ಮವರು ವಾಸಿಸುವ ಕ್ಯಾಂಪಿನವರೆಗೂ ಬಂತು. ನಾಯಿಗಳೆಲ್ಲ ಎದ್ದು ನಿಂತವು, ಒಂದೂ ಬೊಗಳಲಿಲ್ಲ. ಕೆಂಡದಲ್ಲಿ ರೊಟ್ಟಿ ಸುಡುತ್ತಿದ್ದ ತಂಗಿ ಹೊಳೆಯ ಕಡೆ ತಿರುಗಿದಳು.

"ಅಣ್ಣಾ, ಕರೆದಿದ್ದು ನನ್ನೋ, ಅವಳನ್ನೋ?"

"ಯಾರನ್ನೂ ಅಲ್ಲ. ಓ ಅನ್ಬ್ಯಾಡ."

"ನಾ ಅನ್ಲಿಲ್ಲ. ಅವಳು ಅಂದ್ಲು. ನಂಗೆ ಕೇಳಿಸ್ತು."

ಅಜ್ಜಿಯ ಮಗಳು ಡಲ್ಸೀ ಅತ್ತೆ, ಹೋದವಳು ಮರಳದಿರಲೆಂದು ಹಸಿ ಸೊಪ್ಪು ಸುಟ್ಟು ಮನೆಯ ಮೂಲೆಮೂಲೆಗೂ ಹೊಗೆ ಹಾಕಿದಳು. ಹೊಗೆ ಆರುವ ಮೊದಲೇ ಮೈಕು ಮತ್ತೆ ಕರೆಯಿತು. ಅಂದಿನಿಂದ ತಂಗಿ ಊಟಕ್ಕೆ ಕೂತರೆ ಪಕ್ಕದಲ್ಲಿ ಜಾಗ ಬಿಟ್ಟು ಕೂರತೊಡಗಿದಳು. ಆ ಜಾಗ ದಾಟಲು ನನಗೂ ಹೆದರಿಕೆ.

ಉದ್ಘಾಟನೆಯ ದಿನ ಕೌನ್ಸಿಲ್‌ನ ರೊವೀನಾ ಮೇಡಂ ಬಾಗಿಲಲ್ಲೇ ಅತ್ತೆಯ ಕೈ ಹಿಡಿದುಕೊಂಡರು.

"ಡಲ್ಸೀ, ಮುಂದಿನ ಸಾಲಲ್ಲಿ ಕೂತ್ಕೊಳಿ. ಫೋಟೋದಲ್ಲಿ ನೀವು ಬರ್ಬೇಕು."

"ಆ ಹೆಸ್ರು ಇಳ್ಸವ್ವಾ. ನಮ್ಮವ್ವ ಅವಳ ದಾರಿ ಹಿಡ್ದು ಹೋಗ್ಲಿ."

"ನಾವು ಅವರಿಗೆ ಗೌರವ ಕೊಡ್ತಿದೀವಿ, ಡಲ್ಸೀ. ಇವತ್ತೊಂದಿನ ಇದೆಲ್ಲ ಬೇಡ, ಪ್ಲೀಸ್."

ಮೇಡಂ ಮೈಕಿನ ಮುಂದೆ ನಿಂತು, ಎಲ್ಲರೂ ಆ ಹೆಸರನ್ನು ಮೂರು ಸಲ ಜೋರಾಗಿ ಹೇಳಬೇಕೆಂದರು. ಇಡೀ ಊರು ಒಮ್ಮೆ ಕೂಗಿತು. ಯಾರೂ ಇಳಿಯದಿದ್ದ ಕೊಳದ ನೀರು ಅಲುಗಿತು. ಗಾಳಿ ಇರಲಿಲ್ಲ. ತಂಗಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅತ್ತೆ ನೆಲಕ್ಕೆ ಕುಸಿದು ಕೂತಳು. ಹುಲ್ಲಿನಂಚಿನ ಕೆಮ್ಮಣ್ಣನ್ನು ಬಾಚಿ ತಲೆಗೆ ಸುರಿದುಕೊಂಡು ಸಾವಿನ ಅಳು ತೆಗೆದಳು. ನಮ್ಮ ಹೆಂಗಸರೆಲ್ಲ ಕೂತರು. ಎರಡನೆಯ ಕೂಗು ಆ ಅಳುವಿನಲ್ಲಿ ಮುಳುಗಿಹೋಯಿತು. ಮೂರನೆಯದನ್ನು ಕೂಗಲು ಯಾರಿಗೂ ಬಾಯಿ ಬರಲಿಲ್ಲ. ಬಿಳಿ ತಾಯಂದಿರು ಮಕ್ಕಳ ಕಿವಿ ಮುಚ್ಚಿ ಹೊರಗೆ ನಡೆದರು.

ಅತ್ತೆ ಮಧ್ಯೆ ಉಸಿರೆಳೆದುಕೊಂಡು, "ಹೆಸ್ರು ಇಳಿಯೋಗಂಟ ಈ ಅಳೂ ಇಳಿಯಾಕಿಲ್ಲ" ಎಂದಳು.

ಪೊಲೀಸರು ಬಂದರು. ಒಬ್ಬ ಅಧಿಕಾರಿ ತಂಗಿಯ ಮುಂದೆ ನಿಂತ.

"ಏನೇ ನಿನ್ ಹೆಸ್ರು?"

ತಂಗಿ ಗೋಡೆಯ ಮೇಲಿನ ಅಕ್ಷರಗಳ ಕಡೆ ನೋಡಿದಳು.

"ಹೆಸ್ರು ಹೇಳ್ದಿದ್ರೆ ವ್ಯಾನ್ ಹತ್ತಿಸ್ತೀನಿ. ಕೊನೇ ಸಲ ಕೇಳ್ತಿರೋದು."

"ನನ್ನತ್ರ ಎಲ್ಲೈತೆ? ನೀವೇ ಕಿತ್ಕೊಂಡು ಗ್ವಾಡೆಗೆ ಹೊಡ್ದೀರಿ. ಹೋಗಿ ಅದನ್ನ ಹಿಡ್ಕೊಂಡೋಗಿ."

ಅವಳ ಕೈ ತಿರುಚಿ ಎಳೆದೊಯ್ದರು. ವ್ಯಾನಿನ ಬಾಗಿಲ ಬಳಿ ಅವಳು ಒಂದು ಪಕ್ಕಕ್ಕೆ ಸರಿದು, ಇನ್ಯಾರಿಗೋ ಮೊದಲು ಹತ್ತಲು ಬಿಟ್ಟು, ಆಮೇಲೆ ತಾನು ಹತ್ತಿದಳು.

ಅಧಿಕಾರಿ ನನ್ನ ಕಡೆ ತಿರುಗಿದ. "ನೀನು ಅವಳಣ್ಣ ತಾನೆ? ನೀನಾದ್ರೂ ಹೇಳು, ಏನವಳ ಹೆಸ್ರು?"

"ಹೇಳ್ಬಿಡೋ," ಅಂದ ಡಾರಿಲ್. "ನಾಳೆ ಕೆಲ್ಸಕ್ಕೆ ಬರ್ಬೇಕು ಅಂತಿದ್ರೆ ಹೇಳ್ಬಿಡು."

ಅತ್ತೆಯ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ. ಬಾಯಿ ತೆರೆದೆ. ಅಳು ಬಂತು, ಹೆಸರಿನ ಬದಲು ಅದನ್ನೇ ಕೊಟ್ಟೆ.