ಎರಡರಿಂದ ಐದರವರೆಗೆ

ಮದುವೆಯಾಗಿ ಮೂವತ್ತೈದು ವರ್ಷವಾಗುವ ಏಪ್ರಿಲಿಗೆ ದಕ್ಷಿಣದ ಹಳೆಯ ಊರು ಸವಾನಾಕ್ಕೆ ಹೋಗೋಣವೇ ಎಂದು ನೋರೀನ್ ಕೇಳಿದಾಗ ವೆಂಡೆಲ್ ಪತ್ರಿಕೆಯಿಂದ ತಲೆ ಎತ್ತದೆ, "ಹೋಗೋಣ, ಅದಕ್ಕೇನಂತೆ" ಎಂದಿದ್ದ. ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಅವಳಿಗೆ ಸಂತೋಷದ ಜೊತೆಗೆ ಸಣ್ಣ ಅನುಮಾನವನ್ನೂ ಹುಟ್ಟಿಸಿತ್ತು. ಆದರೂ ಮಾರನೆಯ ದಿನವೇ ನೀಲಿ ಬಣ್ಣದ ಫೈಲೊಂದನ್ನು ತಂದು, ಡೇಟನ್ನಿನ ತಮ್ಮ ಮನೆಯ ಅಡುಗೆಮನೆ ಮೇಜಿನ ಮುಂದೆ ಕೂತು ಯೋಜನೆ ಹಾಕತೊಡಗಿದಳು.

ಅಲ್ಲಿಯವರೆಗೆ ಅವರು ಊರು ಬಿಟ್ಟು ಹೋದದ್ದೆಲ್ಲ ನಾಲ್ವರಾಗಿಯೇ. ವೆಂಡೆಲ್‌ನ ತಮ್ಮ ರಾಯ್ಸ್ ಮತ್ತು ಅವನ ಹೆಂಡತಿ ಟ್ವೈಲಾ ಇಲ್ಲದ ಒಂದು ರಜೆಯೂ ಅವಳ ನೆನಪಿನಲ್ಲಿರಲಿಲ್ಲ. ಸರೋವರದ ದಂಡೆಯ ಬಾಡಿಗೆ ಮನೆಯಿರಲಿ, ಟೆನ್ನೆಸ್ಸಿಯ ಬೆಟ್ಟಗಳಿರಲಿ, ಕಾರಿನಲ್ಲಿ ಅಣ್ಣತಮ್ಮಂದಿರು ಮುಂದೆ, ಹೆಂಗಸರಿಬ್ಬರು ಹಿಂದೆ. ಗಂಡನ ಕತ್ತಿನ ಹಿಂಭಾಗವನ್ನು ನೋಡುತ್ತಲೇ ಅರ್ಧ ದೇಶ ಸುತ್ತಿದ್ದೇನೆ ಎಂದು ಅವಳಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು.

ಈ ಸಲ ಇಬ್ಬರೇ ಹೋಗಬೇಕೆಂಬ ಆಸೆ ಹುಟ್ಟಿದ್ದು ಫೆಬ್ರವರಿಯಲ್ಲಿ. ಮಳೆ ಬೀಳುತ್ತಲೇ ಹೆಪ್ಪುಗಟ್ಟಿ, ಆ ಭಾರಕ್ಕೆ ತಂತಿಗಳು ಹರಿದು, ಎರಡು ದಿನ ಬೀದಿಗೆಲ್ಲ ಕರೆಂಟಿರಲಿಲ್ಲ. ಟೀವಿ ಸುಮ್ಮನಾಗಿತ್ತು. ವೆಂಡೆಲ್ ಕಂಬಳಿ ಹೊದ್ದು ಅಡುಗೆಮನೆಯ ಗ್ಯಾಸ್ ಒಲೆಯ ಪಕ್ಕ ಕೂತಿದ್ದ. ಅವಳು ಆಲೂಗಡ್ಡೆ ಹೆರೆಯುತ್ತಿದ್ದಳು. ಯಾರೂ ಕೇಳದೆಯೇ ಅವನು ತನ್ನ ಒಂಬತ್ತನೇ ವಯಸ್ಸಿನ ಕತೆ ಶುರು ಮಾಡಿದ. ಅಪ್ಪ ಒಂದು ದಿನ ಕಂದು ನಾಯಿಯನ್ನು ಲಾರಿಯಲ್ಲಿ ಕೂರಿಸಿಕೊಂಡು ಹೋಗಿ, ಒಬ್ಬನೇ ವಾಪಸು ಬಂದದ್ದು. ತಾನು ಇಡೀ ಬೇಸಿಗೆ ಮನೆಮನೆಯ ಹಿತ್ತಲು ಹುಡುಕಿದ್ದು. ಈಗಲೂ ರಸ್ತೆಯಲ್ಲಿ ಕಂದು ನಾಯಿ ಕಂಡರೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುವುದು. ಅವನು ಕಾರು ನಿಧಾನ ಮಾಡುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಯಾಕೆಂದು ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವನು ಇನ್ನೇನೋ ಹೇಳುವವನಿದ್ದ. ಅಷ್ಟರಲ್ಲಿ ಕರೆಂಟು ಬಂತು, ಫ್ರಿಜ್ಜು ಗುಂಯ್ಗುಟ್ಟಿತು, ಅವನು ಎದ್ದು ಮನೆಯ ಗಡಿಯಾರಗಳನ್ನೆಲ್ಲ ಸರಿಪಡಿಸಲು ಹೋದ.

ಆ ಮಧ್ಯಾಹ್ನ ಕಂಡ ಗಂಡ ಅವಳಿಗೆ ಮತ್ತೆ ಬೇಕಾಗಿದ್ದ. ಅವಸರವಿಲ್ಲದ ಒಂದು ಊರಿನಲ್ಲಿ ನಾಲ್ಕು ದಿನ ಸಿಕ್ಕರೆ ಸಿಕ್ಕಾನು ಎಂದುಕೊಂಡಿದ್ದಳು. ಆದ್ದರಿಂದಲೇ ಹಳೆಯ ಚೌಕವೊಂದರ ಅಂಚಿನಲ್ಲಿರುವ, ಎರಡನೇ ಮಹಡಿಯಲ್ಲಿ ಉದ್ದ ಜಗಲಿಯಿರುವ ತಂಗುಮನೆಯಲ್ಲಿ ಗುರುವಾರದಿಂದ ಕೋಣೆ ಹಿಡಿದಳು. ಬೆಳಿಗ್ಗೆ ಹಳೆಯ ಮನೆಗಳ ನಡುವೆ ಓಡಾಟ, ಮಧ್ಯಾಹ್ನ ಸೀಗಡಿಯ ಊಟ. ಆಮೇಲೆ ಯೋಜನೆಯ ಹಾಳೆಯಲ್ಲಿ ಬರಿಯ ಬಿಳಿ ಜಾಗ.

ವೆಂಡೆಲ್ ಕನ್ನಡಕ ಏರಿಸಿ ಆ ಹಾಳೆಯನ್ನು ಓದಿದ. ಮೂವತ್ತು ವರ್ಷ ಲಾರಿಗಳನ್ನು ಯಾವ ಹೊತ್ತಿಗೆ ಯಾವ ಊರಿಗೆ ಕಳಿಸಬೇಕೆಂದು ಗೊತ್ತುಮಾಡಿದವನು ಅವನು.

"ಇಲ್ಲಿ ಎರಡರಿಂದ ಐದರವರೆಗೆ ಏನೂ ಬರೆದಿಲ್ವಲ್ಲ?"

"ಏನೂ ಇಲ್ಲ. ಸುಮ್ಮನೆ ಕೂರೋದು."

"ಎಲ್ಲಿ?"

"ಬೆಂಚಿನ ಮೇಲೆ. ದೊಡ್ಡ ದೊಡ್ಡ ಓಕ್ ಮರ ಇವೆಯಂತೆ, ನೆರಳಿಗೆ."

"ಮೂರು ಗಂಟೆ?"

"ಮರಕ್ಕೆ ಇನ್ನೂರು ವರ್ಷ ವಯಸ್ಸಂತೆ ವೆಂಡೆಲ್. ಅದು ನಿಂತಿರತ್ತೆ, ನಿಂಗೆ ಕೂರೋಕಾಗಲ್ವಾ?"

ಅವನು ನಕ್ಕ. ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲೇನಾದರೂ ಬರೆದಿದೆಯೇ ಎಂದು ನೋಡಿದ. ಏನೂ ಇರಲಿಲ್ಲ.

ಭಾನುವಾರ ಚರ್ಚಿನಿಂದ ಬಂದ ಮೇಲೆ ಯಾವಾಗಿನಂತೆ ರಾಯ್ಸ್, ಟ್ವೈಲಾ ಬಂದರು. ಊಟವಾಯಿತು. ಯೂಕರ್ ಆಟಕ್ಕೆ ಇಸ್ಪೀಟು ಹಂಚಿದರು. ಅದು ನಾಲ್ವರಿಲ್ಲದೆ ಆಗುವ ಆಟವಲ್ಲ. ಎರಡನೇ ಸುತ್ತಿನಲ್ಲಿ ಟ್ವೈಲಾ ಎಲೆ ಜೋಡಿಸಿಕೊಳ್ಳುತ್ತ ಹೇಳಿದಳು:

"ನೋರೀನ್, ಸವಾನಾಕ್ಕೆ ಅಂತ ಒಂದು ಟೋಪಿ ತಗೊಂಡೆ ಕಣೇ. ಇಷ್ಟಗಲ. ಈ ರಾಯ್ಸ್ ನೋಡು, ದೀಪದ ಮೇಲೆ ಹಾಕೋ ಶೇಡ್ ಥರ ಇದೆ ಅಂತಾನೆ."

"ಹಾಗಂದಿಲ್ಲಪ್ಪ ನಾನು," ಎಂದ ರಾಯ್ಸ್. "ದೀಪಕ್ಕಾದ್ರೆ ಒಪ್ಪುತ್ತೆ ಅಂದೆ."

"ನೀನು ಬಾಯಿ ಮುಚ್ಚಿಕೊಂಡು ಎಲೆ ಹಾಕು. ನಿಂಗೂ ಒಂದು ತರ್ಲೇನೇ ನೋರೀನ್? ಹೊಳೆ ದಂಡೆ ಹೋಟೆಲಲ್ಲಿ ಕೋಣೆ ಸಿಕ್ಕಿದೆ ನಮಗೆ. ನಿಮ್ಮ ಚೌಕದಿಂದ ಹತ್ತೇ ನಿಮಿಷ."

ನೋರೀನ್ ಗಂಡನ ಕಡೆ ನೋಡಿದಳು. ವೆಂಡೆಲ್ ಕೈಯಲ್ಲಿದ್ದ ಎಲೆಗಳನ್ನೇ ನೋಡುತ್ತಿದ್ದ. ಅಷ್ಟು ಹೊತ್ತು ನೋಡುವಂಥದ್ದು ಐದು ಎಲೆಗಳಲ್ಲಿ ಏನಿರುತ್ತದೆ? ಅವನ ಕಿವಿ ಮಾತ್ರ ಕೆಂಪಗಾಗಿತ್ತು.

"ಬೇಡ," ಎಂದಳು. "ನನ್ನ ತಲೆಗೆ ಟೋಪಿ ಒಗ್ಗಲ್ಲ." ಆಟ ಮುಗಿಯುವವರೆಗೂ ನಗುನಗುತ್ತಲೇ ಇದ್ದಳು. ಆ ನಗುವಿನ ಅಭ್ಯಾಸ ಅವಳಿಗೆ ಚೆನ್ನಾಗಿತ್ತು.

ಅವರು ಹೋದ ಮೇಲೆ ಅವಳು ಪಾತ್ರೆ ತೊಳೆದಳು, ಅವನು ಒರೆಸಿದ. ಮೂರನೇ ತಟ್ಟೆ ಅವನ ಕೈಗೆ ಕೊಡುತ್ತ ಅವಳು ಕೇಳಿದಳು:

"ಯಾವಾಗ ಕರೆದೆ ಅವರನ್ನ?"

"ಹೋದ ವಾರ."

"ನನ್ನನ್ನ ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಬೇಡ ಅಂತೀನಿ ಅಂತ ಗೊತ್ತಿದ್ದೂ ಕರೆದೆಯಲ್ಲ."

ಅವನು ಒಣಗಿದ ತಟ್ಟೆಯನ್ನೇ ಮತ್ತೆ ಒರೆಸತೊಡಗಿದ. "ಭಯ ಆಯ್ತು ನೋರೀನ್," ಎಂದ. "ಆ ಹಾಳೆ ನೋಡಿ ಭಯ ಆಯ್ತು. ಮೂರು ಗಂಟೆ ಬೆಂಚಿನ ಮೇಲೆ ಕೂತು ನಾನೇನು ಮಾತಾಡ್ಲಿ? ನಾಲ್ಕು ದಿನ ದಿನಾ? ರಾಯ್ಸ್ ಇದ್ರೆ ಮಾತು ಅದರ ಪಾಡಿಗೆ ನಡೆಯುತ್ತೆ."

"ಕರೆಂಟ್ ಹೋದಾಗ ಮಾತಾಡಿದೆಯಲ್ಲ. ನಾಯಿ ವಿಷಯ."

"ಆವತ್ತು ನೀನು ಆಲೂಗಡ್ಡೆ ಹೆರೀತಿದ್ದೆ. ನನ್ನ ಮಾತಿಗೆ ಕಾಯ್ತಿರಲಿಲ್ಲ. ಅಲ್ಲಿ ಕಾಯ್ತೀಯ. ಪಕ್ಕದಲ್ಲಿ ಕೂತು, ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ. ಹಾಗೆ ಕಾಯ್ತಾ ಕೂತ್ರೆ ನನ್ನೊಳಗಿಂದ ಏನೂ ಬರಲ್ಲ."

ಜಗಳಕ್ಕೆ ತಯಾರಾಗಿದ್ದವಳು ನಲ್ಲಿ ನಿಲ್ಲಿಸಿದಳು. ಅವನು ಹೇಳಿದ್ದು ನಿಜವಾಗಿತ್ತು. ಫೆಬ್ರವರಿಯಿಂದ ಈಚೆಗೆ ಊಟದ ಹೊತ್ತಿನಲ್ಲಿ, ಕಾರಿನಲ್ಲಿ, ಹಾಸಿಗೆಯ ಅಂಚಿನಲ್ಲಿ ಅವಳು ಕಾಯುತ್ತಲೇ ಇದ್ದಳು. ಅದು ಅವನಿಗೆ ಕಾಣುತ್ತಿಲ್ಲವೆಂದು ತಿಳಿದಿದ್ದಳು. ಕಂಡಿತ್ತು, ಕಂಡು ಬಾಗಿಲು ಹಾಕಿಕೊಂಡಿದ್ದ. ಪಕ್ಕದಲ್ಲಿ ನಿಂತು ತಟ್ಟೆ ಒರೆಸುತ್ತಿದ್ದ ಮನುಷ್ಯನ ಮೊಣಕೈ ತನ್ನ ಮೊಣಕೈಗೆ ತಾಗುತ್ತಿದ್ದರೂ ಅವಳಿಗೆ ಆ ಮನೆಯಲ್ಲಿ ತಾನೊಬ್ಬಳೇ ಇದ್ದೇನೆ ಅನ್ನಿಸಿತು.

"ಅವರು ಬರಲಿ ಬಿಡು," ಎಂದಳು ಕೊನೆಗೆ.

ಅವನ ಮುಖ ಸಡಿಲವಾಯಿತು.

"ಆದ್ರೆ ನಾನು ಬುಧವಾರವೇ ಹೋಗ್ತೀನಿ. ವಿಮಾನದಲ್ಲಿ. ನೀವು ಮೂವರೂ ಶುಕ್ರವಾರ ಕಾರಲ್ಲಿ ಬನ್ನಿ. ಶನಿವಾರ ಮದುವೆ ದಿನ, ನಾಲ್ಕೂ ಜನ ಊಟಕ್ಕೆ ಹೋಗೋಣ."

"ಒಬ್ಬಳೇ? ಅಲ್ಲಿ ಒಬ್ಬಳೇ ಏನ್ ಮಾಡ್ತೀಯ?"

"ಗೊತ್ತಿಲ್ಲ. ಕೂರ್ತೀನಿ. ಯಾರಿಗೂ ಕಾಯದೆ ಕೂತು ಎಷ್ಟು ವರ್ಷ ಆಯ್ತೋ. ಹಾಗೆ ಕೂರೋಕೆ ನಂಗೆ ಬರುತ್ತೋ ಇಲ್ವೋ ನೋಡಬೇಕು."

"ಜನ ಏನಂದ್ಕೋತಾರೆ? ಟ್ವೈಲಾ ಏನಂತಾಳೆ?"

"ಟ್ವೈಲಾ ಟೋಪಿ ವಿಷಯ ಮಾತಾಡ್ತಾಳೆ," ಎಂದಳು ನೋರೀನ್. ಇಬ್ಬರಿಗೂ ನಗು ಬಂತು, ಆದರೆ ಬೇರೆ ಬೇರೆ ಹೊತ್ತಿಗೆ.

ಸೋಮವಾರ ಬೆಳಿಗ್ಗೆ ವೆಂಡೆಲ್ ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಹೊರಗೆ ನೋಡುತ್ತಲೇ ಕೇಳಿದ: "ನಾನು ಗುರುವಾರ ಬಂದ್ರೆ? ರಾಯ್ಸ್ ಜೊತೆ ಅಲ್ಲ. ಬೇರೆ."

ಬಾ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅದನ್ನು ಹೇಳಿದರೆ ಬುಧವಾರದಿಂದಲೇ ಮತ್ತೆ ದಾರಿ ನೋಡಲು ಕೂರಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ಬರಬೇಕು ಅನ್ನಿಸಿದ್ರೆ ಬಾ. ನಾನು ಕರೀತಾನೂ ಇಲ್ಲ, ಬೇಡ ಅಂತಾನೂ ಅಂತಿಲ್ಲ."

ಅವನು ತಲೆಯಾಡಿಸಿದ. ಹೂಂ ಎಂದನೋ ಊಹೂಂ ಎಂದನೋ ಹಿಂದಿನಿಂದ ಗೊತ್ತಾಗಲಿಲ್ಲ. ಲೋಟ ಹಿಡಿದುಕೊಂಡೇ ಗ್ಯಾರೇಜಿನ ಕಡೆ ಹೋದ.

ಅವಳು ತಂಗುಮನೆಗೆ ಫೋನು ಮಾಡಿದಳು. ಆ ಕಡೆಯ ಹೆಂಗಸಿನ ಮಾತಿಗೆ ಅವಸರವೆಂಬುದೇ ಇರಲಿಲ್ಲ; ಒಂದೊಂದು ಪದವನ್ನೂ ಎಳೆದು, ಮಡಿಸಿಟ್ಟು, ಮುಂದಿನದಕ್ಕೆ ಹೋಗುತ್ತಿದ್ದಳು.

"ಬುಧವಾರದಿಂದಲೇ ಬೇಕಾ ಕಂದ? ನೋಡಣ ತಾಳು... ಖಾಲಿ ಇದೆ, ಬಾ. ನಾವು ತಿಂಡಿ ಬಿಸಿಬಿಸಿ ಮಾಡೋದು, ಅದಕ್ಕೇ ಕೇಳ್ತೀನಿ. ಗುರುವಾರ ಬೆಳಿಗ್ಗೆ ತಿಂಡಿಗೆ ಎಷ್ಟು ಜನ?"

"ಒಬ್ಬಳು."

"ಶನಿವಾರ, ಭಾನುವಾರ?"

"ಇಬ್ಬರು."

"ನಡುವೆ ಶುಕ್ರವಾರ ಒಂದು ಉಳೀತಲ್ಲ?"

ಗ್ಯಾರೇಜಿನಲ್ಲಿ ವೆಂಡೆಲ್ ಏನನ್ನೋ ಸುತ್ತಿಗೆಯಿಂದ ಹೊಡೆಯುವ ಸದ್ದು ಕೇಳುತ್ತಿತ್ತು. ನೋರೀನ್ ಆ ಸದ್ದಿಗೆ ಕಿವಿಗೊಟ್ಟಳು. ನಡುವೆ ನಿಂತಿತು. ಮತ್ತೆ ಶುರುವಾಯಿತು.

"ಒಬ್ಬಳು ಅಂತ ಬರೆದುಕೊಳ್ಳಿ," ಎಂದಳು. "ಯಾರಾದರೂ ಬಂದರೆ ಆಗ ನೋಡೋಣ."